ಅಪರಿಚಿತ ತಂತ್ರಾಂಶವೂ ಗಣಕದ ತಡೆಯೂ

ಮೇಷ್ಟರು: ಅಂತರಜಾಲದಿಂದ ಇಳಿಸಿಕೊಂಡ ಒಂದು ತಂತ್ರಾಂಶವನ್ನು ತೆರೆಯಹೋದರೆ, ನನ್ನ ಮ್ಯಾಕ್ ಯಂತ್ರವು ಅದನ್ನು ತೆರೆಯುವುದಕ್ಕೆ ಬದಲಾಗಿ, ಇದರಲ್ಲಿ ಕೇಡಿಲ್ಲವೆಂದು ಖಚಿತಪಡಿಸಿಕೊಳ್ಳಲು ಆಪಲ್ ಸಂಸ್ಥೆಗೆ ಸಾಧ್ಯವಾಗಲಿಲ್ಲವೆಂದು ತಿಳಿಸಿ, 'ಮುಗಿಯಿತು' ಎಂಬರ್ಥದ ಗುಂಡಿಯೊಂದು, 'ಕಸದ ಬುಟ್ಟಿಗೆ ಹಾಕು' ಎಂಬರ್ಥದ ಗುಂಡಿಯೊಂದು, ಹೀಗೆ ಎರಡನ್ನು ಮಾತ್ರ ಮುಂದಿಡುತ್ತದೆ. 'ತೆರೆ' ಎಂಬ ಗುಂಡಿಯೇ ಅಲ್ಲಿಲ್ಲ. ಹಣ ಕೊಟ್ಟು ಕೊಂಡ ಯಂತ್ರ ನನ್ನದು. ಬೇಕೆಂದು ಹುಡುಕಿ ತಂದವನೂ ನಾನೇ. ಹೀಗಿರುವಲ್ಲಿ ಈ ತಡೆಯನ್ನು ದಾಟುವುದು ತಪ್ಪೆ? ತಪ್ಪಲ್ಲವಾದರೆ ದಾಟತಕ್ಕ ಕ್ರಮವೇನು? ಈ ವೃತ್ತಿಯಲ್ಲೇ ಇರುವವನು ನೀನು. ನಿನ್ನಿಂದ ಕೇಳಿ ತಿಳಿಯಬೇಕೆಂದಿದ್ದೇನೆ.

ಶಿಷ್ಯ: ದಾಟುವುದು ತಪ್ಪಲ್ಲ, ಮೇಷ್ಟರೇ. ಆದರೆ ಕ್ರಮವನ್ನು ಹೇಳುವುದಕ್ಕೆ ಮುಂಚೆ, ಆ ಎಚ್ಚರಿಕೆಯು ಏನನ್ನು ಬಲ್ಲುದು, ಏನನ್ನು ಅರಿಯದು ಎಂಬುದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಏಕೆಂದರೆ ಅನೇಕರು, ಯಂತ್ರವು ತಂತ್ರಾಂಶದ ಹೊಟ್ಟೆಯೊಳಗೆ ಹೊಕ್ಕು ನೋಡಿ, ವಿಷವಿರುವುದನ್ನು ಕಂಡೇ ಹೀಗೆ ಕೂಗುತ್ತಿದೆಯೆಂದು ಭಾವಿಸಿ ಬೆದರುತ್ತಾರೆ; ಇನ್ನು ಕೆಲವರು, ಇದು ಯಾವಾಗಲೂ ಹೀಗೆಯೇ ಕೂಗುವಂಥದೆಂದು ಉದಾಸೀನರಾಗುತ್ತಾರೆ. ಎರಡೂ ಭಾವನೆಗಳು ಒಂದೇ ಅಜ್ಞಾನದಿಂದ ಹುಟ್ಟಿದವು.

ಮೇಷ್ಟರು: ಹಾಗಾದರೆ ಅದು ನಿಜವಾಗಿ ನೋಡುವುದು ಏನನ್ನು?

ಶಿಷ್ಯ: ಮೊದಲು ನೋಡುವುದು ಒಂದು ಗುರುತನ್ನು. ತಾವು ಬ್ರೌಸರಿನಿಂದ ಒಂದು ಕಡತವನ್ನು ಇಳಿಸಿಕೊಂಡಾಗ, ಆ ಬ್ರೌಸರು ಕಡತದ ಒಳಗಿನ ಒಂದಕ್ಷರವನ್ನೂ ಮುಟ್ಟದೆ, ಅದರ ಪಕ್ಕದಲ್ಲಿ ಒಂದು ಚಿಕ್ಕ ಟಿಪ್ಪಣಿಯನ್ನು ಅಂಟಿಸಿಡುತ್ತದೆ. ಮ್ಯಾಕ್‌ನಲ್ಲಿ ಇದಕ್ಕೆ ಕ್ವಾರಂಟೈನ್ ಎಂದು ಹೆಸರು; 2007ರ ಲೆಪರ್ಡ್ ಆವೃತ್ತಿಯಿಂದ ಇದು ಬಳಕೆಯಲ್ಲಿದೆ. ಆ ಟಿಪ್ಪಣಿಯನ್ನು ಬಿಡಿಸಿ ನೋಡಿದರೆ ಅರ್ಧವಿರಾಮಗಳಿಂದ ಬೇರ್ಪಟ್ಟ ನಾಲ್ಕು ಭಾಗಗಳು ಕಾಣುತ್ತವೆ: ಕಡತದ ಸ್ಥಿತಿಯನ್ನು ಹೇಳುವ ಒಂದು ಸಂಖ್ಯೆ, ಇಳಿಸಿಕೊಂಡ ವೇಳೆಯನ್ನು ಹದಿನಾರರ ಮಾನದಲ್ಲಿ ಬರೆದ ಇನ್ನೊಂದು ಸಂಖ್ಯೆ, ಇಳಿಸಿದ ತಂತ್ರಾಂಶದ ಹೆಸರು (ಸಫಾರಿ ಎಂದೋ ಕ್ರೋಮ್ ಎಂದೋ), ಕಡೆಗೆ ಒಂದು ಉದ್ದನೆಯ ಗುರುತಿನ ಸಂಖ್ಯೆ. ವಿಂಡೋಸಿನಲ್ಲಿಯೂ 2004ರಲ್ಲಿ ಬಂದ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಕಾಲದಿಂದ ಇಂಥದೇ ವ್ಯವಸ್ಥೆಯಿದೆ. ಅಲ್ಲಿ ಕಡತದ ಬೆನ್ನಿಗೆ ಅಡಗಿಕೊಂಡ ಒಂದು ಉಪಕಡತದಲ್ಲಿ 3 ಎಂಬ ಅಂಕೆಯನ್ನು ಬರೆದಿರುತ್ತಾರೆ. ಮೂರು ಎಂದರೆ ಅಂತರಜಾಲದಿಂದ ಬಂದದ್ದು.

ಮೇಷ್ಟರು: ಅಂದರೆ ಬಂದ ದಾರಿಯ ಗುರುತು, ಬಂದವನ ಗುಣದ ಗುರುತಲ್ಲ.

ಶಿಷ್ಯ: ಹೌದು. ಅದಕ್ಕೆ ಒಂದು ಪ್ರತ್ಯಕ್ಷ ಪ್ರಮಾಣವೂ ಇದೆ. ವಿಂಡೋಸಿನಲ್ಲಿ ಇಳಿಸಿಕೊಂಡ ಅದೇ ಕಡತವನ್ನು ಹಳೆಯ ಫ್ಯಾಟ್-32 ಕ್ರಮದ ಪೆನ್‌ಡ್ರೈವಿಗೆ ಒಮ್ಮೆ ನಕಲು ಮಾಡಿ, ಮತ್ತೆ ಯಂತ್ರಕ್ಕೆ ತಂದುಕೊಂಡರೆ, ಆ ಪೆನ್‌ಡ್ರೈವಿನಲ್ಲಿ ಉಪಕಡತವನ್ನು ಇಡಲು ಎಡೆಯೇ ಇಲ್ಲದ ಕಾರಣ ಗುರುತು ಅಳಿದುಹೋಗಿ, ಅದರ ಆಧಾರದ ಮೇಲೆ ಏಳುತ್ತಿದ್ದ ಪ್ರಶ್ನೆಯೂ ಏಳುವುದಿಲ್ಲ. ಒಳಗಿರುವುದು ಅಮೃತವಾಗಲಿ ವಿಷವಾಗಲಿ, ಮೊದಲು ಹೇಗಿತ್ತೋ ಹಾಗೆಯೇ ಇದೆ. ಯಂತ್ರಕ್ಕೆ ಮಾತ್ರ ಸಂಶಯ ಹೋಗಿದೆ.

ಮೇಷ್ಟರು: ಇಷ್ಟು ದುರ್ಬಲವಾದ ಗುರುತಿನ ಮೇಲೆ ಇಷ್ಟು ದೊಡ್ಡ ಕಟ್ಟಳೆಯನ್ನು ನಿಲ್ಲಿಸಿದ್ದಾರೆಯೆ!

ಶಿಷ್ಯ: ಗುರುತು ಪ್ರಶ್ನೆಯನ್ನು ಎಬ್ಬಿಸುವುದಕ್ಕೆ ಮಾತ್ರ. ಉತ್ತರವನ್ನು ಬೇರೆ ಕಡೆ ಹುಡುಕುತ್ತಾರೆ. ಮ್ಯಾಕ್‌ನಲ್ಲಿ 2012ರಿಂದ ಗೇಟ್‌ಕೀಪರ್ ಎಂಬ ವ್ಯವಸ್ಥೆಯಿದೆ. ಗುರುತು ಹೊತ್ತ ತಂತ್ರಾಂಶವನ್ನು ಮೊದಲ ಸಲ ತೆರೆಯಹೋದಾಗ, ಅದನ್ನು ರಚಿಸಿದವರು ಆಪಲ್ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು ಪಡೆದ ಪ್ರಮಾಣಪತ್ರದಿಂದ ಅಂಕಿತ ಹಾಕಿದ್ದಾರೆಯೆ, ಅಂಕಿತ ಬಿದ್ದ ಮೇಲೆ ಒಳಗೆ ಏನಾದರೂ ತಿದ್ದುಪಡಿಯಾಗಿದೆಯೆ ಎಂದು ಅದು ನೋಡುತ್ತದೆ. 2018ರ ಮೊಹಾವಿ ಆವೃತ್ತಿಯಲ್ಲಿ ನೋಟರೈಸೇಷನ್ ಎಂಬ ಇನ್ನೊಂದು ಕ್ರಮ ಸೇರಿತು. ಮರುವರ್ಷದ ಕ್ಯಾಟಲೀನದಲ್ಲಿ ಅದು ಕಡ್ಡಾಯವಾಯಿತು. ಕರ್ತೃಗಳು ತಂತ್ರಾಂಶವನ್ನು ಆಪಲ್ ಸಂಸ್ಥೆಗೆ ಕಳುಹಿಸುತ್ತಾರೆ; ಅಲ್ಲಿನ ಯಂತ್ರಗಳು ತಿಳಿದಿರುವ ದುಷ್ಟಸಂಹಿತೆಗಳ ಛಾಯೆ ಇದೆಯೇ ಎಂದು ಪರೀಕ್ಷಿಸಿ, ಇಲ್ಲವೆಂದು ತೋರಿದರೆ ಒಂದು ಚೀಟಿ ಕೊಡುತ್ತವೆ. ಮನುಷ್ಯರು ಕುಳಿತು ಓದಿ ಕೊಡುವ ಒಪ್ಪಿಗೆ ಇದಲ್ಲ.

ಮೇಷ್ಟರು: ನನಗೆ ಈಗ ವಿಷಯ ತಿಳಿಯಾಗುತ್ತಿದೆ. ಹಿಂದೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವವರು ಅಂಕಪಟ್ಟಿಯ ನಕಲನ್ನು ಪತ್ರಾಂಕಿತ ಅಧಿಕಾರಿಯ ಬಳಿಗೆ ಕೊಂಡುಹೋಗಿ, ಅವರ ರುಜುವನ್ನೂ ಮೊಹರನ್ನೂ ಹಾಕಿಸಿಕೊಂಡು ಬರಬೇಕಾಗಿತ್ತು. ಆ ರುಜುವಿನ ಅರ್ಥ, ಈ ನಕಲು ಮೂಲಕ್ಕೆ ಸರಿಯಾಗಿದೆ ಎಂದಷ್ಟೆ. ಅರ್ಜಿದಾರನು ಸತ್ಯವಂತನೆಂದಾಗಲಿ, ಕೆಲಸಕ್ಕೆ ಯೋಗ್ಯನೆಂದಾಗಲಿ ಆ ಅಧಿಕಾರಿ ಹೊಣೆ ಹೊರುತ್ತಿರಲಿಲ್ಲ. ರುಜುವಿಲ್ಲದ ನಕಲನ್ನು ಗುಮಾಸ್ತರು ಹಿಂದಕ್ಕೆ ತಳ್ಳುತ್ತಿದ್ದರು ನಿಜ; ಹಾಗೆ ತಳ್ಳಿಸಿಕೊಂಡವರೆಲ್ಲ ವಂಚಕರಾಗಿದ್ದರೆಂದು ಯಾರಾದರೂ ಹೇಳಿಯಾರೆ? ಅವರಲ್ಲಿ ಬಹುಮಂದಿ, ಅಧಿಕಾರಿಯ ಪರಿಚಯವಿಲ್ಲದ ಹಳ್ಳಿಯ ಹುಡುಗರು.

ಶಿಷ್ಯ: ತಾವು ಹೇಳಿದ್ದರಲ್ಲಿ ವಿಷಯದ ಎರಡು ಪಾರ್ಶ್ವಗಳೂ ಬಂದುವು. ರುಜುವಿರುವವರೆಲ್ಲ ಸಜ್ಜನರಲ್ಲವೆಂಬುದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. 2016ರ ಮಾರ್ಚಿಯಲ್ಲಿ ಟ್ರಾನ್ಸ್‌ಮಿಷನ್ ಎಂಬ ಜನಪ್ರಿಯ ತಂತ್ರಾಂಶದ ಅಧಿಕೃತ ತಾಣವನ್ನೇ ಯಾರೋ ಭೇದಿಸಿ, ಅದರ 2.90 ಆವೃತ್ತಿಯೊಳಗೆ ಕೀರೇಂಜರ್ ಎಂಬ ಸುಲಿಗೆಯ ತಂತ್ರಾಂಶವನ್ನು ಅಡಗಿಸಿಟ್ಟರು. ಅದಕ್ಕೆ ಸಿಂಧುವಾದ ಪ್ರಮಾಣಪತ್ರದ ಅಂಕಿತವಿತ್ತು, ಗೇಟ್‌ಕೀಪರ್ ತಡೆಯಲಿಲ್ಲ. ಅದು ಮೂರು ದಿನ ಸದ್ದಿಲ್ಲದೆ ಕುಳಿತಿದ್ದು, ಆಮೇಲೆ ಯಜಮಾನನ ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಡಲು ಒಂದು ಬಿಟ್‌ಕಾಯಿನ್, ಎಂದರೆ ಆಗಿನ ಬೆಲೆಯಲ್ಲಿ ಸುಮಾರು 400 ಡಾಲರ್, ಕೇಳುತ್ತಿತ್ತು. 2020ರಲ್ಲಿಯಂತೂ ಶ್ಲೇಯರ್ ಎಂಬ ದುಷ್ಟತಂತ್ರಾಂಶದ ಕೆಲವು ಪ್ರತಿಗಳು ನೋಟರೈಸೇಷನ್ನಿನ ಪರೀಕ್ಷೆಯನ್ನೇ ದಾಟಿ, ಚೀಟಿಯನ್ನು ಪಡೆದುಕೊಂಡು ಹೊರಬಂದಿದ್ದುವು.

ಮೇಷ್ಟರು: ಅಂಥ ರುಜುವಿನಿಂದ ಪ್ರಯೋಜನವೇನು ಹಾಗಾದರೆ?

ಶಿಷ್ಯ: ಪ್ರಯೋಜನವು ಪ್ರವೇಶಕಾಲದಲ್ಲಿ ಎಷ್ಟಿದೆಯೋ ಅದಕ್ಕಿಂತ ಹೆಚ್ಚಾಗಿ ಆಮೇಲೆ ಇದೆ, ಮೇಷ್ಟರೇ. ಕೀರೇಂಜರಿನ ಮೋಸ ಬಯಲಾದ ಕೂಡಲೆ ಆ ಪ್ರಮಾಣಪತ್ರವನ್ನು ರದ್ದುಮಾಡಿದರು. ಅಲ್ಲಿಂದ ಮುಂದೆ ಅದೇ ಅಂಕಿತದ ಪ್ರತಿಯನ್ನು ತೆರೆಯಹೋದವರನ್ನು ಯಂತ್ರವೇ ತಡೆಯಿತು. ಅಂಕಿತವಿಲ್ಲದ ತಂತ್ರಾಂಶದ ವಿಷಯದಲ್ಲಿ ಹೀಗೆ ಒಂದೇ ಎಳೆಯನ್ನು ಕತ್ತರಿಸಿ ಎಲ್ಲವನ್ನೂ ಕೆಡಹುವ ಉಪಾಯವಿಲ್ಲ. ಇದಕ್ಕಾಗಿಯೇ ನಾನು ಈ ಕಟ್ಟಳೆಯನ್ನು ಪೂರ್ತಿಯಾಗಿ ನಿಂದಿಸಲಾರೆ.

ಮೇಷ್ಟರು: ನಿಂದಿಸಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಆ ಹಳ್ಳಿಯ ಹುಡುಗರ ಮಾತನ್ನು ನೀನು ಮರೆಯಬಾರದು. ರುಜು ಪಡೆಯುವುದಕ್ಕೆ ಶುಲ್ಕವೆಷ್ಟು?

ಶಿಷ್ಯ: ಆಪಲ್ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳಲು ವರ್ಷಕ್ಕೆ 99 ಡಾಲರ್. ಕಂಪನಿಗಳಿಗೆ ಇದು ಲೆಕ್ಕಕ್ಕೆ ಬಾರದ ಮೊತ್ತ. ಆದರೆ ರಾತ್ರಿ ಕುಳಿತು ಒಂದು ಉಪಯುಕ್ತ ತಂತ್ರಾಂಶವನ್ನು ಬರೆದು, ಒಂದು ಕಾಸನ್ನೂ ಬೇಡದೆ ಲೋಕಕ್ಕೆ ಹಂಚುವ ವಿದ್ಯಾರ್ಥಿಗೆ, ಧರ್ಮ ಮಾಡಿದ್ದಕ್ಕೆ ತಾನೇ ತೆರಿಗೆ ಕಟ್ಟಬೇಕಾದ ಸ್ಥಿತಿ. ವಿಂಡೋಸಿನ ಸ್ಮಾರ್ಟ್‌ಸ್ಕ್ರೀನ್ ಎಂಬ ಕಾವಲಿನಲ್ಲಿ ಇನ್ನೊಂದು ಬಗೆಯ ಕಷ್ಟವಿದೆ. ಅದು ಖ್ಯಾತಿಯನ್ನು ನೋಡುತ್ತದೆ. ಬಹುಜನರು ಇಳಿಸಿಕೊಂಡು, ಯಾರಿಗೂ ಕೆಡುಕಾಗದಿದ್ದ ಕಡತವನ್ನು ಅದು ಸುಮ್ಮನೆ ಬಿಡುತ್ತದೆ. ಕೆಲವೇ ಮಂದಿ ಇಳಿಸಿಕೊಂಡದ್ದನ್ನು, ಕಂಡುಕೇಳರಿಯದ್ದೆಂಬ ಕಾರಣಕ್ಕೆ, ನೀಲಿಯ ಪರದೆಯೊಡ್ಡಿ ತಡೆಯುತ್ತದೆ. ಕನ್ನಡದಂಥ ಭಾಷೆಗೆ ಒಬ್ಬರು ಕೀಲಿಮಣೆಯ ತಂತ್ರಾಂಶವನ್ನೋ, ಹಳೆಯ ಲಿಪಿಸಂಕೇತದಿಂದ ಯೂನಿಕೋಡಿಗೆ ಬರಹವನ್ನು ತಿರುಗಿಸುವ ಸಾಧನವನ್ನೋ ರಚಿಸಿದರೆಂದು ಇಟ್ಟುಕೊಳ್ಳೋಣ. ಇಂಗ್ಲಿಷಿನ ಸಾಧನವೊಂದನ್ನು ಲಕ್ಷಾಂತರ ಜನ ಇಳಿಸಿಕೊಳ್ಳುವ ಕಾಲದಲ್ಲಿ ಇದನ್ನು ಬಯಸಿ ಬರುವವರು ಕೆಲವು ನೂರು ಮಂದಿ. ಖ್ಯಾತಿ ಕೂಡುವುದು ಯಾವಾಗ? ಹೊಸ ಆವೃತ್ತಿ ಬಂತೆಂದರೆ, ಅಂಕಿತವಿಲ್ಲದ ಪಕ್ಷದಲ್ಲಿ, ಮತ್ತೆ ಮೊದಲಿನಿಂದ. ಚಿಕ್ಕ ಸಮುದಾಯಕ್ಕಾಗಿ ದುಡಿದವರು, ಸಮುದಾಯ ಚಿಕ್ಕದೆಂಬ ಒಂದೇ ಕಾರಣದಿಂದ, ಶಂಕಿತರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ನಿಜವಾಗಿ ವ್ಯಥೆಯಾಗುತ್ತದೆ.

ಮೇಷ್ಟರು: ಆಗಬೇಕಾದ್ದೇ. ಹೀಗೆ ಹೊರಗೆ ನಿಂತ ಸಜ್ಜನರನ್ನು ಒಳಗೆ ಕರೆದುಕೊಳ್ಳುವ ಹಕ್ಕು ಯಂತ್ರದ ಯಜಮಾನನಿಗೆ ಉಳಿದಿರಬೇಡವೆ? ಅದರ ಕ್ರಮವನ್ನು ಈಗಲಾದರೂ ಹೇಳು.

ಶಿಷ್ಯ: ಬಹುಕಾಲ ಮ್ಯಾಕ್‌ನಲ್ಲಿ ಕ್ರಮ ಸುಲಭವಾಗಿತ್ತು. ಕಂಟ್ರೋಲ್ ಕೀಲಿಯನ್ನು ಹಿಡಿದು ತಂತ್ರಾಂಶದ ಚಿತ್ರದ ಮೇಲೆ ಒತ್ತಿ, 'ಓಪನ್' ಎಂಬುದನ್ನು ಆರಿಸಿದರೆ, ಎಚ್ಚರಿಕೆಯ ಜೊತೆಗೆ ತೆರೆಯುವ ಗುಂಡಿಯೂ ಕಾಣಿಸುತ್ತಿತ್ತು. 2024ರ ಸಿಕೋಯ ಆವೃತ್ತಿಯಲ್ಲಿ ಆ ದಾರಿಯನ್ನು ಮುಚ್ಚಿದ್ದಾರೆ. ಈಗ ಮಾಡಬೇಕಾದದ್ದು ಇಷ್ಟು: ತಂತ್ರಾಂಶವನ್ನು ಒಮ್ಮೆ ತೆರೆಯಹೋಗಿ, ತಡೆಯಾದ ಮೇಲೆ 'ಮುಗಿಯಿತು' ಎಂಬರ್ಥದ ಗುಂಡಿಯನ್ನೊತ್ತಿ, ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ ಎಂಬ ಭಾಗಕ್ಕೆ ಹೋಗಿ, ಕೆಳಗಡೆಗೆ ಸರಿಸಿದರೆ, ಇಂಥ ಹೆಸರಿನ ತಂತ್ರಾಂಶವನ್ನು ತಡೆಯಲಾಗಿದೆ ಎಂಬ ಸಾಲೂ, ಅದರ ಪಕ್ಕದಲ್ಲಿ 'ಓಪನ್ ಎನಿವೇ' ಎಂಬ ಗುಂಡಿಯೂ ಇರುತ್ತವೆ. ಒತ್ತಿದರೆ ಮತ್ತೊಮ್ಮೆ ಕೇಳಿ, ಪಾಸ್‌ವರ್ಡನ್ನೋ ಬೆರಳಗುರುತನ್ನೋ ಪಡೆದು ತೆರೆಯುತ್ತದೆ. ತೆರೆಯಹೋದ ಸುಮಾರು ಒಂದು ಗಂಟೆಯವರೆಗೆ ಮಾತ್ರ ಆ ಗುಂಡಿ ಅಲ್ಲಿರುತ್ತದೆ. ಕಾಣದಿದ್ದವರು ಇನ್ನೊಮ್ಮೆ ತೆರೆಯಹೋಗಿ ಬಂದು ನೋಡಬೇಕು. ವಿಂಡೋಸಿನ ನೀಲಿ ಪರದೆಯಲ್ಲಿ 'ಮೋರ್ ಇನ್ಫೋ' ಎಂಬುದನ್ನು ಒತ್ತಿದ ಮೇಲೆ 'ರನ್ ಎನಿವೇ' ಎಂಬ ಗುಂಡಿ ತೋರುತ್ತದೆ.

ಮೇಷ್ಟರು: ಸುಲಭವಾದ ದಾರಿಯನ್ನು ಮುಚ್ಚಿ ಇಷ್ಟು ಸುತ್ತುಬಳಸಿನ ದಾರಿಯಲ್ಲಿ ನಡೆಸುವುದು ಏತಕ್ಕೆ? ಇದು ಯಜಮಾನನ ಹಕ್ಕನ್ನು ಸ್ವಲ್ಪಸ್ವಲ್ಪವಾಗಿ ಕಿತ್ತುಕೊಳ್ಳುವ ಉಪಾಯವೆಂದೇ ನನಗೆ ತೋರುತ್ತದೆ.

ಶಿಷ್ಯ: ಆ ಸಂದೇಹ ನಿರಾಧಾರವಲ್ಲ, ದಾರಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿರುವುದನ್ನು ನಾನೂ ನೋಡುತ್ತಿದ್ದೇನೆ. ಆದರೆ ಈ ಒಂದು ದಾರಿಯ ಸಂಗತಿ ಬೇರೆ. ದಾಟುವ ಉಪಾಯ ಸಜ್ಜನರಿಗೆ ತಿಳಿದಂತೆಯೇ ಕಳ್ಳರಿಗೂ ತಿಳಿಯಿತು. ಶ್ಲೇಯರಿನಂಥ ದುಷ್ಟತಂತ್ರಾಂಶಗಳ ಕಿಟಕಿ ತೆರೆದುಕೊಂಡಾಗ, ಹಿನ್ನೆಲೆಯಲ್ಲೇ ಅಂದವಾದ ಚಿತ್ರಗಳನ್ನು ಬರೆದು, ಬಾಣದ ಗುರುತುಗಳನ್ನಿಟ್ಟು, ಇಲ್ಲಿ ಬಲಗುಂಡಿಯನ್ನೊತ್ತಿರಿ, ಆಮೇಲೆ ಓಪನ್ ಎಂಬುದನ್ನು ಆರಿಸಿರಿ ಎಂದು ಉಪದೇಶ ಮಾಡುತ್ತಿದ್ದರು. ನೋಡುವವರಿಗೆ ಅದು ಸಹಜವಾದ ಅನುಸ್ಥಾಪನಾಕ್ರಮವೆಂದೇ ತೋರುತ್ತಿತ್ತು. ಆ ದಾರಿ ಮುಚ್ಚಿದ ಮೇಲೆ ಕೆಲವರು, ಈ ಕಡತವನ್ನು ಟರ್ಮಿನಲ್ ಎಂಬ, ಆಜ್ಞೆಗಳನ್ನು ಬರೆದು ಕೊಡುವ ಕಿಟಕಿಗೆ ಎಳೆದು ಹಾಕಿರಿ ಎಂದು ಹೇಳಿಕೊಡತೊಡಗಿದರು. ಆದುದರಿಂದ, ಎಚ್ಚರಿಕೆಯನ್ನು ದಾಟುವ ವಿಧಾನವನ್ನು ತಂತ್ರಾಂಶವೇ ಮೇಲೆಬಿದ್ದು ಕಲಿಸುತ್ತಿದೆಯೆಂದು ಕಂಡಲ್ಲಿ, ಅಲ್ಲಿಯೇ ನಿಲ್ಲತಕ್ಕದ್ದು. ಪ್ರಾಮಾಣಿಕರೂ ತಮ್ಮ ತಾಣದಲ್ಲಿ ಇಂಥ ಸೂಚನೆಗಳನ್ನು ಬರೆದಿರುತ್ತಾರೆ, ನಿಜ. ಅವರು ಅಂಕಿತ ಏಕಿಲ್ಲವೆಂಬ ಕಾರಣವನ್ನೂ ಬರೆದು, ಮೂಲಸಂಹಿತೆಯನ್ನೂ ತೋರಿಸಿರುತ್ತಾರೆ.

ಮೇಷ್ಟರು: ಪ್ರತಿಸಲವೂ ಇಷ್ಟು ಶ್ರಮವೇಕೆಂದು, ಕಾವಲನ್ನೇ ಒಟ್ಟಿಗೆ ನಿಲ್ಲಿಸಿಬಿಡುವ ಆಜ್ಞೆಯೊಂದಿದೆಯೆಂದು ಕೇಳಿದ್ದೇನೆ.

ಶಿಷ್ಯ: ಇದೆ. ಎಲ್ಲಿಂದ ಬಂದದ್ದನ್ನಾದರೂ ತೆರೆ ಎಂಬ ಆಯ್ಕೆ ಮೊದಲು ಸೆಟ್ಟಿಂಗಿನಲ್ಲೇ ಎದುರಿಗಿತ್ತು. 2016ರ ಸಿಯೆರ ಆವೃತ್ತಿಯಲ್ಲಿ ಅದನ್ನು ತೆಗೆದರೂ, ಟರ್ಮಿನಲ್ಲಿನ ಆಜ್ಞೆಯಿಂದ ಅದನ್ನು ಮತ್ತೆ ಬರಿಸುವುದನ್ನು ಬಹುಮಂದಿ ಕಲಿತಿದ್ದರು. ತಾವು ನನ್ನನ್ನು ಏನು ಬೇಕಾದರೂ ಕೇಳಿ, ಇದನ್ನು ಮಾತ್ರ ಮಾಡಿಕೊಡೆಂದು ಕೇಳಬಾರದು. ಒಂದು ತಂತ್ರಾಂಶವನ್ನು ವಿಚಾರಿಸಿ ನೋಡಿ ಅದೊಂದಕ್ಕೆ ಒಪ್ಪಿಗೆ ಕೊಡುವುದು ಯಜಮಾನನ ವಿವೇಕ. ಎಲ್ಲಕ್ಕೂ ಒಮ್ಮೆಗೇ ಒಪ್ಪಿಗೆ ಕೊಡುವುದೆಂದರೆ, ನಾಳೆ ತಾವು ಬಯಸದೆ ಬರುವುದಕ್ಕೂ ಇಂದೇ ಒಪ್ಪಿದಂತೆ. ಇಂದಿನ ಕೆಲಸ ಮುಗಿದ ಮೇಲೆ ಕಾವಲನ್ನು ಮತ್ತೆ ಹಾಕಬೇಕೆಂಬುದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಒಂದು ಕಡತದ ಕ್ವಾರಂಟೈನ್ ಟಿಪ್ಪಣಿಯನ್ನು ಮಾತ್ರ ಅಳಿಸುವ ಆಜ್ಞೆಯೂ ಇದೆ. ಪರೀಕ್ಷಿಸಿದ ಮೇಲೆ ಅದನ್ನು ಬಳಸಿದರೆ ನಾನು ಆಕ್ಷೇಪಿಸೆನು. ಅಭ್ಯಾಸಬಲದಿಂದ ಬಳಸಿದರೆ ಆಕ್ಷೇಪಿಸುತ್ತೇನೆ.

ಮೇಷ್ಟರು: ಅಭ್ಯಾಸವನ್ನು ಕುರಿತು ನೀನು ಇಷ್ಟು ಅಂಜುವುದೇಕೆ?

ಶಿಷ್ಯ: 2017ರ ಮೇ ತಿಂಗಳಿನಲ್ಲಿ ನಡೆದುದನ್ನು ಹೇಳುತ್ತೇನೆ. ಹ್ಯಾಂಡ್‌ಬ್ರೇಕ್ ಎಂಬುದು ವೀಡಿಯೊಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವ, ಬಹುಕಾಲದಿಂದ ಒಳ್ಳೆಯ ಹೆಸರು ಪಡೆದ ಉಚಿತ ತಂತ್ರಾಂಶ. ಅದನ್ನು ಹಂಚುತ್ತಿದ್ದ ಸರ್ವರುಗಳಲ್ಲೊಂದನ್ನು ಕಳ್ಳರು ಹಿಡಿದು, 2ನೆಯ ತಾರೀಖಿನಿಂದ 6ನೆಯ ತಾರೀಖಿನವರೆಗೆ, ಪ್ರೋಟಾನ್ ಎಂಬ ಬೇಹುಗಾರ ತಂತ್ರಾಂಶವನ್ನು ಬೆರೆಸಿದ ಪ್ರತಿಯನ್ನು ಇಟ್ಟಿದ್ದರು. ಆ ದಿನಗಳಲ್ಲಿ ಅದನ್ನು ಇಳಿಸಿಕೊಂಡವರಲ್ಲಿ ಪ್ಯಾನಿಕ್ ಎಂಬ ಪ್ರಸಿದ್ಧ ಮ್ಯಾಕ್ ತಂತ್ರಾಂಶ ಸಂಸ್ಥೆಯ ಸ್ಥಾಪಕರೊಬ್ಬರೂ ಇದ್ದರು. ತಂತ್ರಾಂಶ ಪಾಸ್‌ವರ್ಡನ್ನು ಕೇಳಿತು, ಕೊಟ್ಟರು. ಕಳ್ಳರು ಆ ಯಂತ್ರದ ಮೂಲಕ ಹೊಕ್ಕು ಸಂಸ್ಥೆಯ ಹಲವು ತಂತ್ರಾಂಶಗಳ ಮೂಲಸಂಹಿತೆಯನ್ನೇ ಹೊತ್ತುಕೊಂಡು ಹೋದರು. ಆ ಮಹನೀಯರು ಯಾವುದನ್ನೂ ಮುಚ್ಚಿಡದೆ ನಡೆದುದನ್ನೆಲ್ಲ ಬಹಿರಂಗವಾಗಿ ಬರೆದು ಪ್ರಕಟಿಸಿದರು. ಅಂಕಿತವಿಲ್ಲದ ಕೆಲವು ತಂತ್ರಾಂಶಗಳನ್ನು ನಿತ್ಯವೂ ಬಳಸುತ್ತಿದ್ದುದರಿಂದ, ಗೇಟ್‌ಕೀಪರಿನ ಎಚ್ಚರಿಕೆಯನ್ನು ತಾವು ಯೋಚನೆಯೇ ಇಲ್ಲದೆ ದಾಟಿರಬಹುದೆಂಬುದನ್ನೂ ಅದರಲ್ಲಿ ಹೇಳಿಕೊಂಡರು. ಮೇಷ್ಟರೇ, ಇಪ್ಪತ್ತು ವರ್ಷ ಇದೇ ವಿದ್ಯೆಯಲ್ಲಿ ಪಳಗಿದವರ ಕೈ ಹಾಗೆ ತಾನಾಗಿ ಚಲಿಸಿತೆಂದರೆ, ಉಳಿದವರ ಮಾತೇನು?

ಮೇಷ್ಟರು: ಅದು ಅವರೊಬ್ಬರ ದೋಷವೆಂದು ನಾನು ಒಪ್ಪಲಾರೆ. ಸಜ್ಜನರ ವಿಷಯದಲ್ಲಿ ಮೇಲಿಂದ ಮೇಲೆ ಕೂಗಿಕೊಂಡ ಎಚ್ಚರಿಕೆಯೇ ಅವರ ಕಿವಿಯನ್ನು ಮಂದಮಾಡಿತು.

ಶಿಷ್ಯ: ನಿಜ. ಬ್ರೌಸರುಗಳ ಎಚ್ಚರಿಕೆಗಳನ್ನು ಕುರಿತು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡೂವರೆ ಕೋಟಿಗೂ ಹೆಚ್ಚು ಸಂದರ್ಭಗಳನ್ನು ಪರಿಶೀಲಿಸಿದ್ದರು. ಫೈರ್‌ಫಾಕ್ಸ್ ತೋರಿಸಿದ ದುಷ್ಟತಂತ್ರಾಂಶ ಮತ್ತು ವಂಚನೆಯ ಎಚ್ಚರಿಕೆಗಳಲ್ಲಿ ಜನ ದಾಟಿಹೋದದ್ದು ಸುಮಾರು ಹತ್ತರಲ್ಲೊಂದನ್ನು. ಕ್ರೋಮ್ ತೋರಿಸಿದ, ತಾಣಗಳ ಪ್ರಮಾಣಪತ್ರದ ಎಚ್ಚರಿಕೆಗಳಲ್ಲಾದರೋ ನೂರಕ್ಕೆ ಎಪ್ಪತ್ತನ್ನು ದಾಟಿದ್ದರು. ಜನರು ಯಾವ ಎಚ್ಚರಿಕೆಗೂ ಕಿವಿಗೊಡರೆಂಬುದು ಸುಳ್ಳು. ಅರ್ಥವುಳ್ಳ ಮಾತನ್ನು ಕೇಳುತ್ತಾರೆ.

ಮೇಷ್ಟರು: ವಿಚಾರಿಸಿ ನೋಡಬೇಕೆಂದೆಯಲ್ಲ, ಆ ವಿಚಾರಣೆಯನ್ನು ನನ್ನಂಥವನು ಹೇಗೆ ಮಾಡಬೇಕು?

ಶಿಷ್ಯ: ತಂತ್ರಾಂಶವನ್ನು ರಚಿಸಿದವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು, ಹುಡುಕುಯಂತ್ರದಲ್ಲಿ ಎಲ್ಲಕ್ಕಿಂತ ಮೇಲೆ ಬರುವ ಜಾಹೀರಾತನ್ನು ನಂಬಬಾರದು. ಅನೇಕ ತಾಣಗಳಲ್ಲಿ ಕಡತದ ಪಕ್ಕದಲ್ಲೇ ಎಸ್‌ಎಚ್‌ಎ-256 ಎಂಬ ಹೆಸರಿನಲ್ಲಿ ಅಕ್ಷರಾಂಕಗಳ ಒಂದು ಸರಣಿಯನ್ನು ಪ್ರಕಟಿಸಿರುತ್ತಾರೆ. ಅದರಲ್ಲಿ ಇರುವುದು 64 ಚಿಹ್ನೆಗಳು. ತಮ್ಮ ಯಂತ್ರಕ್ಕೆ ಇಳಿದ ಕಡತದಿಂದಲೂ ಅದೇ ಗಣಿತದ ಮೂಲಕ ಸರಣಿಯನ್ನು ಪಡೆಯಬಹುದು. ಅದಕ್ಕೆ ಬೇಕಾದ ಆಜ್ಞೆ ಮ್ಯಾಕ್‌ನಲ್ಲೂ ವಿಂಡೋಸಿನಲ್ಲೂ ಮೊದಲೇ ಇದೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾಗಿದ್ದರೂ ಸರಣಿ ಗುರುತು ಸಿಕ್ಕದಷ್ಟು ಬೇರೆಯಾಗುತ್ತದೆ. ಹ್ಯಾಂಡ್‌ಬ್ರೇಕ್ ಪ್ರಸಂಗದಲ್ಲಿ ಕೆಟ್ಟ ಪ್ರತಿಯ ಸರಣಿ ಒಳ್ಳೆಯದರ ಸರಣಿಗೆ ಹೊಂದುತ್ತಿರಲಿಲ್ಲ. ಹೋಲಿಸಿ ನೋಡಿದವರು ಉಳಿದುಕೊಳ್ಳಬಹುದಾಗಿತ್ತು.

ಮೇಷ್ಟರು: ಆದರೆ ಕಳ್ಳನು ತಾಣವನ್ನೇ ಹಿಡಿದಿದ್ದರೆ, ಪ್ರಕಟವಾದ ಸರಣಿಯನ್ನೂ ಬದಲಿಸಿಯಾನು.

ಶಿಷ್ಯ: ಬದಲಿಸಿಯಾನು. ಇಂಥ ಸಂಶಯಕ್ಕೆ ಕೊನೆಯೇ ಇಲ್ಲ. ಯೂನಿಕ್ಸಿನ ಕರ್ತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ ಅವರು, 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ, ಮೂಲಸಂಹಿತೆ ಶುದ್ಧವಾಗಿದ್ದರೂ ಅದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರಿನೊಳಗೇ ಕಪಟವನ್ನು ಅಡಗಿಸಿಡಬಹುದೆಂದು ತೋರಿಸಿಕೊಟ್ಟರು. ಎಲ್ಲವನ್ನೂ ತಾನೇ ರಚಿಸದ ಮನುಷ್ಯ ಎಲ್ಲೋ ಒಂದೆಡೆ ಇನ್ನೊಬ್ಬ ಮನುಷ್ಯನನ್ನು ನಂಬಲೇಬೇಕು. ಯಾರನ್ನು ನಂಬುತ್ತಿದ್ದೇನೆಂದು ತಿಳಿದು ನಂಬುವುದು ಸಾಧ್ಯ. ಆ ಪ್ರಶ್ನೆಗೆ ಗುಂಡಿಯೊತ್ತುವ ಮುಂಚೆ ಒಂದು ಕ್ಷಣ ಎಡೆಕೊಡುವುದರಲ್ಲಿ ನನಗೆ ಈ ಎಚ್ಚರಿಕೆಯ ಸಾರ್ಥಕತೆ ಕಾಣುತ್ತದೆ.

ಮೇಷ್ಟರು: ಗಣಕದ ಮಾತಾಯಿತು. ಈಗ ನಮ್ಮ ಜನರ ಕೈಯಲ್ಲೆಲ್ಲ ಇರುವುದು ಫೋನು. ಮದುವೆಯ ಕರೆಯೋಲೆಯೆಂದು ವಾಟ್ಸಾಪಿನಲ್ಲಿ ಬಂದುದನ್ನು ಒತ್ತಿ ಬ್ಯಾಂಕಿನ ಹಣ ಕಳೆದುಕೊಂಡವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಿರುತ್ತೇನೆ.

ಶಿಷ್ಯ: ಕರೆಯೋಲೆ, ಸಂಚಾರಿ ಪೊಲೀಸರ ದಂಡದ ಚಲನ್, ಬ್ಯಾಂಕಿನ ಕೆವೈಸಿ—ವೇಷಗಳು ಹಲವು, ಒಳಗಿರುವುದು ಎಪಿಕೆ ಎಂದು ಕೊನೆಗೊಳ್ಳುವ ಹೆಸರಿನ ಒಂದು ಕಡತ, ಎಂದರೆ ಆಂಡ್ರಾಯ್ಡಿನ ತಂತ್ರಾಂಶ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆಯೇ ಹೊರತು, ತನ್ನನ್ನು ಫೋನಿನೊಳಗೆ ಅನುಸ್ಥಾಪಿಸೆಂದು ಕೇಳುವುದಿಲ್ಲ. ಆಂಡ್ರಾಯ್ಡಿನಲ್ಲಿ ಮೊದಲು ಅಪರಿಚಿತ ಮೂಲಗಳಿಗೆಲ್ಲ ಒಂದೇ ಒಪ್ಪಿಗೆಯ ಗುಂಡಿಯಿತ್ತು. 2017ರ ಓರಿಯೊ ಆವೃತ್ತಿಯಿಂದ, ಬ್ರೌಸರಿಗೆ ಬೇರೆ, ವಾಟ್ಸಾಪಿಗೆ ಬೇರೆ, ಹೀಗೆ ಬಿಡಿಬಿಡಿಯಾಗಿ ಒಪ್ಪಿಗೆ ಕೊಡಬೇಕು. ವಾಟ್ಸಾಪಿಗೆ ಆ ಒಪ್ಪಿಗೆಯನ್ನು ಕೊಡಬೇಕಾದ ಪ್ರಸಂಗ ಸಾಮಾನ್ಯ ಗೃಹಸ್ಥನಿಗೆ ಬರುವುದೇ ಇಲ್ಲ. ತಾವು ಅಗತ್ಯವಿದ್ದು, ಹುಡುಕಿಕೊಂಡು ಹೋಗಿ, ಕರ್ತೃಗಳ ತಾಣದಿಂದ ತಂದ ತಂತ್ರಾಂಶಕ್ಕೂ, ಕರೆಯದೆ ಮನೆಗೆ ಬಂದು ನಿಂತ ತಂತ್ರಾಂಶಕ್ಕೂ ಯಂತ್ರವು ತೋರಿಸುವ ಎಚ್ಚರಿಕೆ ಹೆಚ್ಚುಕಡಮೆ ಒಂದೇ. ಆದರೆ ಮೊದಲನೆಯದರಲ್ಲಿ ವಿಚಾರಿಸಿ ದಾಟುವುದಕ್ಕೆ ಎಡೆಯಿದೆ, ಎರಡನೆಯದರಲ್ಲಿ ಕಿಂಚಿತ್ತೂ ಇಲ್ಲ. ಈ ಭೇದವನ್ನು ಯಂತ್ರ ಅರಿಯದು. ತಾವು ಬಲ್ಲಿರಿ.

ಮೇಷ್ಟರು: ಅರಿಯದೆ ಒತ್ತಿಬಿಟ್ಟವರ ಗತಿ?

ಶಿಷ್ಯ: ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳಬಾರದು, ಕಾಲಹರಣವೇ ದೊಡ್ಡ ನಷ್ಟ. ಅಂಥ ತಂತ್ರಾಂಶ ಮುಖ್ಯವಾಗಿ ಕೇಳುವುದು ಎಸ್ಸೆಮ್ಮೆಸ್ಸುಗಳನ್ನು ಓದುವ ಅನುಮತಿಯನ್ನು, ಏಕೆಂದರೆ ಬ್ಯಾಂಕಿನ ಒಟಿಪಿ ಬರುವುದು ಅಲ್ಲಿಗೆ. ಆದುದರಿಂದ ಮೊದಲು ಫೋನಿನ ಇಂಟರ್ನೆಟ್ಟನ್ನು ನಿಲ್ಲಿಸಿ, ಸಿಮ್ಮನ್ನು ಹೊರತೆಗೆದು, ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರವನ್ನು ತಡೆಹಿಡಿಸಬೇಕು. ಹಣ ಹೋಗಿದ್ದರೆ ಆ ಕ್ಷಣವೇ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮುಂಚೆ ತಡೆಯುವ ಸಂಭವ ಹೆಚ್ಚು. ಪಾಸ್‌ವರ್ಡುಗಳನ್ನು ಬದಲಾಯಿಸುವುದು ಬೇರೊಂದು ಯಂತ್ರದಿಂದ. ಸೋಂಕಿದ ಫೋನಿನಿಂದಲೇ ಬದಲಾಯಿಸಿದರೆ ಹೊಸದೂ ಕಳ್ಳನ ಕೈ ಸೇರೀತು. ಮನೆಯಲ್ಲಿ ಅಮ್ಮನವರ ಫೋನನ್ನು ಒಮ್ಮೆ ತರಿಸಿಕೊಡಿ. ವಾಟ್ಸಾಪಿಗೆ ಆ ಒಪ್ಪಿಗೆ ಯಾವಾಗಲಾದರೂ ಸಿಕ್ಕಿದೆಯೋ ಎಂಬುದನ್ನು ಈಗಲೇ ನೋಡಿಬಿಡೋಣ.